ಹೆಪ್ಪು

ರಾತ್ರಿ ಹತ್ತೂವರೆಗೆ ಡೊಂಬಿವಲಿಯಲ್ಲಿ
ಹಾಲು ಉಗುರುಬೆಚ್ಚಗಾದಾಗ
ನಿನ್ನೆಯ ಮೊಸರು ಒಂದು ಚಮಚ ಬೆರೆಸಿ ಮುಚ್ಚಿಡುತ್ತೇನೆ.
ಬೆಳಿಗ್ಗೆ ಪರೇಲಿನಲ್ಲಿ ಅದೇ ಕೈ
ತಂತಿಯ ಕುಣಿಕೆಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ,
ಯಾರದೋ ಹೊಟ್ಟೆಯ ನೀರನ್ನು
ಹಸಿರು ಅಗಾರಿನ ಮೇಲೆ ಗೆರೆ ಎಳೆದು ಮುಚ್ಚಿಡುತ್ತದೆ.
ಮೂವತ್ತೇಳು ಡಿಗ್ರಿ. ಹದಿನೆಂಟು ಗಂಟೆ.
ಎರಡಕ್ಕೂ ಒಂದೇ ನೇಮ:
ನಡುವೆ ಅಲ್ಲಾಡಿಸಬಾರದು.

ಜುಲೈ ಬಂತೆಂದರೆ ಈ ಊರು
ಡಬ್ಬಿಗಳಲ್ಲಿ ನನ್ನ ಮೇಜಿಗೆ ಬರುತ್ತದೆ.
ಕುರ್ಲಾದ ಜ್ವರ, ಮಾಹಿಮಿನ ವಾಂತಿ,
ಮೊಣಕಾಲುದ್ದ ನೀರಲ್ಲಿ ಮೂಟೆ ಹೊತ್ತು
ಕಣ್ಣು ಹಳದಿಯಾದ ಮಸ್ಜಿದ್ ಬಂದರಿನ ಹಮಾಲ.
ಬರ್ಫಿನ ಪೆಟ್ಟಿಗೆ ತರುವ ಬಬನ್ ಸಾಳ್ವಿ
ಹೆಸರು ಓದುವುದಿಲ್ಲ, ವಾರ್ಡಿನ ಅಕ್ಷರ ಮಾತ್ರ.
'ಇವತ್ತು ಎಫ್ ದಕ್ಷಿಣ ಜಾಸ್ತಿ' ಎನ್ನುತ್ತಾನೆ,
ಸಂತೆಗೆ ಬದನೆ ಜಾಸ್ತಿ ಬಂದಿದೆ ಎಂಬಂತೆ.

ಡೆಂಗಿಯ ತಟ್ಟೆ ನಮ್ಮಜ್ಜಿಯ ಅಳಗುಳಿ ಮಣೆ.
ಅವಳದು ಹದಿನಾಲ್ಕು ಕುಳಿ, ಇದು ತೊಂಬತ್ತಾರು.
ಅವಳು ಹುಣಸೆಬೀಜ ಬಿಡುತ್ತಿದ್ದಳು, ನಾನು ಹನಿ ಹನಿ ಸೀರಮ್ಮು.
ಗೆದ್ದರೆ ಅಜ್ಜಿ ಬಾಚಿಕೊಳ್ಳುತ್ತಿದ್ದಳು ಸೆರಗಿಗೆ.
ನಾನು ಹಳದಿಯಾದ ಕುಳಿ ಎಣಿಸಿ ಬರೆಯುತ್ತೇನೆ.

ಮಂಗಳವಾರ ಗಟಾರದ ಸರದಿ, ಒಂದು ಲೀಟರು.
ಸಮುದ್ರ ಕಾಣುವ ಫ್ಲಾಟು, ಸಮುದ್ರ ನುಗ್ಗುವ ಜೋಪಡಿ
ಎರಡೂ ಅದರಲ್ಲಿ ಕಲೆತಿರುತ್ತವೆ.
ಬೇರ್ಪಡಿಸುವ ಯಂತ್ರ ನಮ್ಮಲ್ಲಿಲ್ಲ.

ಆ ಗುರುವಾರ ಮೂರು ತಟ್ಟೆ ತೆರೆದೆ.
ಮೂರರಲ್ಲೂ ಹಸಿರು ಹಿಂದೆ ಸರಿದು
ಚಪ್ಪಟೆ ಹಳದಿ ಚುಕ್ಕೆ.
ಗಾಜಿನ ಮೇಲೆ ಒಂದು ಹನಿ ದ್ರಾವಣ,
ಅದರಲ್ಲೊಂದು ಚುಕ್ಕೆ ಕದಡಿ ಮೆಲ್ಲಗೆ ಎತ್ತಿದೆ.
ಎಳೆ ಬಂತು.
ಒಂದೆಳೆ ಪಾಕ!
ರವೆಉಂಡಿಗೆ ಅವ್ವ ಎರಡು ಬೆರಳ ನಡುವೆ ನೋಡುತ್ತಿದ್ದಳಲ್ಲ,
ಅದೇ ಹೊಳಪು, ಹರಿಯದ ಅದೇ ಹಟ.
'ಹಾಂ, ಬಂತು, ಇಳಿಸು' ಎನ್ನುತ್ತಿದ್ದಳು.
ಇಲ್ಲಿ ಇಳಿಸುವುದು ಏನನ್ನು?
ಕಾಲರಾ ಎಂದು ಬರೆಯುವ ಮೊದಲು ಇನ್ನೊಮ್ಮೆ ಎತ್ತಿದೆ.
ಇನ್ನೊಮ್ಮೆಯೂ ಬಂತು.

ಮೂರೂ ಶಿವಡಿಯ ಒಂದೇ ಚಾಳಿನವು.
ಡಾಕ್ಟರ್ ವರ್ತಕ್ ಫೋನು ತಿರುಗಿಸಿದರು.
ನೀರಿನ ಇಲಾಖೆಯವರು
'ನಮ್ಮ ಲೈನು ಹಾಲಿನಂಥದು ಮೇಡಂ' ಎಂದರು.
ಹಾಗಾದರೆ ಹೆಪ್ಪು ಹಾಕಿದ್ದು ಯಾರು?

ಕ್ಲೋರಿನ್ ಗುಳಿಗೆ ಹಂಚುತ್ತ ಸುಲಭಾ ತಾಂಡೇಲ್
ಮೂವತ್ತೆರಡು ಬಾಗಿಲು ಬಡಿದಳು.
ಮುಂದಿನದರ ಹೊಸ್ತಿಲಲ್ಲಿ ಚಪ್ಪಲಿ ಜಾರಿ ಮೋರಿಗೆ ಬಿತ್ತು.
ಬಗ್ಗಿದಾಗ ಕಂಡಳಂತೆ:
ಮೋರಿಯೊಳಗೇ ಮಲಗಿದ ಪೈಪು, ನಡುವಿಗೆ
ಸೈಕಲ್ ಟ್ಯೂಬಿನ ಪಟ್ಟಿ.
ನಲ್ಲಿ ಬರುವ ಎರಡು ಗಂಟೆ ಅದು ಹೊರಗೆ ಉಗುಳುತ್ತದೆ.
ಉಳಿದ ಇಪ್ಪತ್ತೆರಡು ಗಂಟೆ
ಒಳಗೆ ಎಳೆದುಕೊಳ್ಳುತ್ತದೆ.

ಶನಿವಾರ ಪೈಪು ಬದಲಾಯಿತು.
ಮರುವಾರ ಎಫ್ ದಕ್ಷಿಣದಿಂದ ಎರಡೇ ಡಬ್ಬಿ.
ಗೋಡೆಯ ನಕ್ಷೆಯಿಂದ ಕೆಂಪು ಗುಂಡುಪಿನ್ನು ಕಿತ್ತೆ.
ಆ ತೂತಿನ ಸುತ್ತ ಬೇರೆ ಬೇರೆ ವರ್ಷದ ತೂತುಗಳಿದ್ದವು.

ಮೂರರಲ್ಲಿ ಎರಡನೆಯದು: ಹೆಣ್ಣು, ನಾಲ್ಕು ವರ್ಷ.
ಹೆಸರಿನ ಮೇಲೆ ಮಳೆ ಬಿದ್ದು ಶಾಯಿ ಹರಡಿ
ಒಂದೇ ಅಕ್ಷರ ಉಳಿದಿತ್ತು, ಧ.
ಆಮೇಲೆ ಅವಳೇನಾದಳು?
ಫಾರ್ಮಿನಲ್ಲಿ ಆ ಕಾಲಮ್ಮಿಲ್ಲ.
ಬಬನನ್ನು ಕೇಳಿದೆ. ಕರಗಿದ ಬರ್ಫು ಸಿಂಕಿಗೆ ಸುರಿಯುತ್ತಿದ್ದ;
ಕೇಳಿಸಿತೋ ಇಲ್ಲವೋ.
ಅವಳ ಹೊಟ್ಟೆಯಿಂದ ಬಂದದ್ದು ಮಾತ್ರ
ನಮ್ಮ ಫ್ರೀಜರಿನಲ್ಲಿದೆ, ಮೈನಸ್ ಎಪ್ಪತ್ತು,
ಮೂರನೇ ಹಲಗೆ, ನೀಲಿ ಮುಚ್ಚಳ.
ಬೆಚ್ಚಗೆ ಮಾಡಿ ಕರೆದರೆ ಎದ್ದು ಬರುತ್ತದೆ.

ಮನೆಗೆ ಬಂದರೆ ಮಗ ಮೊಸರೆಲ್ಲ ಖಾಲಿ ಮಾಡಿದ್ದ,
ಹೆಪ್ಪಿಗೂ ಬಿಡದೆ.
ಬಟ್ಟಲು ಹಿಡಿದು ಪಕ್ಕದ ಚೌಬಳ್ ಬಾಯಿಯ ಬೆಲ್ಲು ಒತ್ತಿದೆ.
'ಅಯ್ಯೋ, ಇದು ನಿಮ್ಮ ಮನೆಯದೇ,
ಹೋದ ತಿಂಗಳು ನೀವು ಕೊಟ್ಟಿದ್ದಲ್ಲವೇ' ಎನ್ನುತ್ತ
ಚಮಚದ ತುಂಬ ಹಾಕಿದಳು.