ಸುಮ್ಮನ ನಿಂತದ್ದು

ಗೋಕುಲ ರೋಡಿನ ಶೆಡ್ಡು. ಮೊದಲ ಅಲ್ಲಿ ವಾಲ್ವ್ ಮಾಡತಿದ್ರು,
ಗೋಡಿಗೆ ಇನ್ನೂ ಗ್ರೀಸಿನ ವಾಸನಿ.
ಕರೀ ಅಂಗಿ ಮೈಗೆ ಬಿಗದು, ಮ್ಯಾಲೆ ಐವತ್ಮೂರು ಗುಂಡು ಅಂಟಿಸಿ
(ಬೋರಿ ಹಣ್ಣಿನಷ್ಟು, ಬೆಳ್ಳಗ)
‘ಸಾಯಿರಿ ಮೇಡಂ’ ಅಂತಾನ ವೃಷಭ, ಕಂಪ್ಯೂಟರಿನ ಹಿಂದಿನಿಂದ,
ಭಾಳ ಮರ್ಯಾದಿಯಿಂದ.

ಸಾಯತೀನಿ.
‘ಇನ್ನೊಮ್ಮೆ. ಈ ಸಲ ಎಡಕ್ಕ.’
ಎಡಕ್ಕ ಸಾಯತೀನಿ.
‘ಮೊಣಕಾಲ ಮೊದಲ ಬೀಳಲಿ, ಆಮ್ಯಾಲೆ ನೀವು.’
ಊಟದೊಳಗ ಹದಿನೇಳು ಸಾವು.
ಗುಂಡು ಕಿತ್ತರ ಮತ್ತ ಅಳತಿ ಹಿಡೀಬೇಕಂತ
ಅಂಗಿ ಬಿಚ್ಚದ, ನಿಂತ, ಎರಡು ರೊಟ್ಟಿ, ಮಡಕಿಕಾಳ ಪಲ್ಯ.

ಲಕ್ಷ್ಮೇಶ್ವರದಾಗ ನನ್ನ ಮಲ್ಲಗಂಬಕ್ಕ ಏರಿಸಿದ ಹಸನಸಾಬ ಉಸ್ತಾದ
ಹತ್ತೂದು ಕಲಿಸಿದ್ದು ಎರಡನೇ ವರ್ಷ.
ಮೊದಲನೇ ವರ್ಷ ಬರೇ ಬೀಳೂದು.
‘ಫಕ್ಕೀರವ್ವಾ, ನೆಲಾ ಅಂದ್ರ ಬೀಗರಿದ್ದಂಗ,
ಹೇಳದ ಹೋಗಬ್ಯಾಡ’ ಅಂತಿದ್ದ.
ಅಂಗೈ ಮೊದಲ ಬಡೀಬೇಕು, ಉಸರು ಬಿಡಬೇಕು, ಆಮ್ಯಾಲೆ ಮೈ.
ಒಮ್ಮೆ ಹೇಳದ ಹೋದೆ.
ಎಡಗಾಲ ಹರಡು ಇನ್ನೂ ಅದನ್ನ ನೆನಸತೈತಿ, ಮೋಡ ಆದಾಗ.

ಒಂದಿನ ಬರೇ ದನಿ.
ಸಣ್ಣ ಪೆಟ್ಟಿಗೆ ಹತ್ತು ‘ಹ್ಞಾ’, ದೊಡ್ಡದಕ್ಕ ಹತ್ತು,
ಬೆಂಕಿ ಹತ್ತಿದ್ರ ಮೂರು, ನೀರಾಗ ಮುಳುಗಿದ್ರ ಎರಡು,
ಗೆದ್ರ ಒಂದ ನಗಿ.
ಹಿಂದಿನ ರಾತ್ರಿ ಮನ್ಯಾಗ ರೂಢಿ ಮಾಡಕೋಂತ ಕುಂತಾಗ
ಬಾಜೂಮನಿ ಚಂಪಕ್ಕ ಒಲಿ ಮ್ಯಾಲಿನ ಸಾರು ಇಳಿಸದ ಓಡಿ ಬಂದು
ಬಾಗಲಾ ಬಡದ್ಲು: ‘ಯಾರವ್ವಾ ಹೊಡದ್ರು?’
‘ಯಾರಿಲ್ಲ, ನೌಕರಿ’ ಅಂದೆ.
ಆಕಿ ಒಳಗ ಬಂದು ನೋಡಿದ್ಲು, ಮಂಚದ ಕೆಳಗೂ.

ಆ ದೊಡ್ಡ ಹತ್ತರಾಗ ಒಂದು ನನ್ನದಲ್ಲ, ಚಂಪಕ್ಕಂದು,
ಗೋಡಿ ಆಚಿಂದ ಕೇಳಿದ್ದು, ಆಕಿ ಗಂಡ ಇನ್ನೂ ಮನ್ಯಾಗಿದ್ದಾಗ.
ಆಗ ನಾ ಬಾಗಲಾ ಬಡದಿರಲಿಲ್ಲ.
ವೃಷಭ ಹೆಡ್‌ಫೋನ್ ತಗದ.
‘ಇದೊಂದು ಬ್ಯಾಡ್ರಿ,’ ಅಂದ, ‘ಆಟ ಅನಸೂದಿಲ್ಲ.’

ಆಟ ಬಂತು. ಆಕಿ ಹೆಸರು ರಣಶ್ಯಾಮೆ.
ಆರಡಿ. ನಡು ಮುಷ್ಟಿಯಷ್ಟು.
ಅಂಥಾ ನಡು ಇಟಕೊಂಡು ನನ್ನ ಕಲಾಜಂಗ್ ಹಾಕಿದ್ರ
ಮುರಿಯೂದು ಎದುರಿನಾಂವಂದಲ್ಲ.
ಮಾರಿಗೆ ಮುಂಬೈದಾಕಿ ಒಬ್ಬಾಕಿ ಬಂದಿದ್ಲು,
ಕುರ್ಚಿ ಮ್ಯಾಲೆ ಕುಂತು ಹುಬ್ಬು ಏರಿಸಿ, ಇಳಿಸಿ,
ಸಂಜಿಗೆ ವಿಮಾನ ಹತ್ತಿದ್ಲು.
ಪಾಪ, ಚಂದ ಮಾತಾಡಿಸಿದ್ಲು.

ದುರ್ಗದ ಬೈಲಿನ ಹಿಂದ ಮಾಳಗಿ ಮ್ಯಾಲಿನ ಅಂಗಡಿ,
ತಾಸಿಗೆ ಅರವತ್ತು ರೂಪಾಯಿ.
ಕಡೀ ಕುರ್ಚ್ಯಾಗ ಒಂದು ಹುಡುಗಿ, ತೊಡಿ ಮ್ಯಾಲೆ ಟ್ಯೂಷನ್ ಚೀಲ,
ರಣಶ್ಯಾಮೆನ್ನ ಆರಿಸಿದ್ಲು.
ನನ್ನ ಹೊಡತ, ನನ್ನ ಉರುಳು,
ಹದಿನೇಳರಾಗ ಹನ್ನೊಂದನೇ ಸಾವು.
ಗುರುತು ಹಿಡದೆ, ಅದರಾಗ ಮೊಣಕೈ ತಡಾ ಆಗಿತ್ತು.
ಮುಂದಿನ ಕುಸ್ತಿಯೊಳಗ ಆಕಿ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿದ್ಲು,
ಗುಂಡಿ ಬಿಟ್ಲು.

ಯಾರೂ ಒತ್ತದಾಗ ರಣಶ್ಯಾಮೆ ನಿಂತಿರತಾಳ.
ಬಲಗಾಲ ಮ್ಯಾಲೆ ಭಾರ, ಎಡಗಾಲ ಹಿಮ್ಮಡ ತುಸು ಎತ್ತಿ.
ನಡುನಡುವ ಕೈ ಹೆಗಲಿಗೆ ಹೋಗತೈತಿ
ಇಲ್ಲದ ಸೆರಗು ಸರಿಮಾಡಾಕ.
ಕ್ಯಾಮೆರಾ ತಿದ್ದೂತನಾ ಸುಮ್ಮನ ನಿಂತಿದ್ದೆ ನಾನು,
ಎಲ್ಲಾ ಬಂದ್ ಅದಾವ ಅನಕೊಂಡು.
ರೊಕ್ಕಾ ಕೊಟ್ಟಿದ್ದು ಬೀಳಾಕ. ಇದನ್ನ ಯಾವಾಗ ತಗೊಂಡ್ರು?

ಎದುರಿನಾಂವ ಬಂದು ಬಂದು ಬಡೀತಿದ್ದ.
ಆಕಿ ನಿಂತ ಇದ್ಲು, ಚಿಗರಿ ಬಸ್ಸಿಗೆ ನಿಂತಂಗ.
‘ಕೆಳಗಿಂದ ಒತ್ತವ್ವಾ’ ಅಂದೆ. ‘ಕೆಳಗಿಂದು, ಆಮ್ಯಾಲೆ ಗುಂಡಂದು.’
ಹುಡುಗಿ ಉಳ್ಳಾಗಡ್ಡಿ ಕಡಕೋಂತ ನನ್ನ ನೋಡಿದ್ಲು,
ನನ್ನ ಕಾಲ ನೋಡಿದ್ಲು, ಪರದೆ ನೋಡಿದ್ಲು.
‘ಆಂಟಿ, ನೀವ ಆಡತೀರೇನು?’
ಎಣ್ಣಿಗೈ ಚೀಲಕ್ಕ ಒರಸಿ ಅದನ್ನ ಮುಂದ ಹಿಡದ್ಲು.

ಎರಡೂ ಕೈಯಾಗ ಇಸಕೊಂಡೆ.
ಯಾವ ಕಡಿ ಮ್ಯಾಲೆ ಬರಬೇಕು, ಗೊತ್ತಾಗಲಿಲ್ಲ.