ಆರರ ಗುಳಿಗಿ

ಜತ್ತದ ಸರಕಾರಿ ದವಾಖಾನಿ, ಹೆಣ್ಣುಮಕ್ಕಳ ವಾರ್ಡು,
ಹನ್ನೊಂದನೇ ಕಾಟು.
ಕಾಗದದಾಗ ಸೋನಾಬಾಯಿ ಕೋಳೇಕರ.
ಹಂಗ ಕರದರ ಹೊಳ್ಳಿ ನೋಡಂಗಿಲ್ಲ,
ಸೋನವ್ವ ಅಂದ್ರ ಓ ಅಂತಾಳ.

ನಿನ್ನೆ ಸಂಜೀಕ ರೌಂಡಿನಾಗ ಮುದುಕಿ ಅಂದಿದ್ಲಂತ:
"ಎಲ್ಲಾ ಹಳದಿ ಹಳದಿ ಕಾಣತೈತ್ರೀ, ಸಾಹೇಬ್ರ."
ಡಾಕ್ಟರು ಪುಣೇದ ಹುಡುಗ, ಬಂದು ಎರಡ ತಿಂಗಳು.
ಹಳದಿ ಅಂದ್ರ ಅವನ ಮಾತಿನಾಗ ಮದುವಿ ಮನಿ,
ಮೈಗೆ ಅರಿಷಿಣ ಹಚ್ಚೂ ದಿನ.
"ಕೋಣಾಚೀ ಹಳದ, ಆಜೀ?" ಅಂತ ಕೇಳಿದ.
ವಾರ್ಡಿಗೆ ವಾರ್ಡೇ ನಕ್ಕಿತು.
ರಾತ್ರಿ ಚಾರ್ಜ್ ಕೊಡುವಾಗ ಪವಾರ ಸಿಸ್ಟರ್
ಜ್ವರ, ಸಲಾಯಿನ್, ಖಾಲಿ ಕಾಟು ಎಲ್ಲಾ ಹೇಳಿ
ಕಡೀಕ ಇದನ್ನ ಹೇಳಿದ್ರು, ನಗಸಾಕ.
ನಾನೂ ನಕ್ಕೆ.

ಈಗ ಐದೂ ನಲವತ್ತು. ತಾಟಿನಾಗ ಆರರ ಗುಳಿಗಿ,
ಹೆಸರಕಾಳಿಗಿಂತ ಜರಾ ದೊಡ್ಡದು, ಬೆಳ್ಳಗ.
ಎದಿಯ ಓಟ ತಡದು ಹಿಡಿಯೂದು ಇದರ ಕೆಲಸ.
ಮಿರಜದಾಗ ಕಲಿಯುವಾಗ ಮೇಟ್ರನ್ ಬಾಯಿ
ಬೆರಳ ಗೆಣ್ಣಿಗೆ ಪಟ್ಟಿ ಹೊಡದು ಕಲಿಸಿದ್ದು:
ಹದಿನೈದು ಸೆಕೆಂಡ್ ಎಣಿಸಿ ನಾಕಲೆ ಗುಣಿಸಬ್ಯಾಡ.
ಒಂದು ನಿಮಿಷ ಅಂದ್ರ ಒಂದು ನಿಮಿಷ.

ಎದಿಗೆ ಸ್ಟೆಥಾಸ್ಕೋಪ್ ಹಚ್ಚಿದೆ. ಸೀರಿ ಕುರಿ ವಾಸನಿ.
ಇಪ್ಪತ್ತೊಂದು. ಇಪ್ಪತ್ತೆರಡು.
ಆಮ್ಯಾಲ ಒಂದು ತಡಾ,
ಹೊಸ್ತಿಲದಾಗ ಯಾರೋ ಚಪ್ಪಲಿ ಬಿಟ್ಟು
ಒಳಗ ಬರಲ್ಯೋ ಬ್ಯಾಡೋ ಅಂತ ನಿಂತಂಗ.
ಇಪ್ಪತ್ತಮೂರು.
ನಲವತ್ತಾರಕ್ಕ ಮುಳ್ಳು ಸುತ್ತು ಮುಗಿಸಿತು.
ಮತ್ತೊಮ್ಮಿ ಎಣಿಸಿದೆ. ನಲವತ್ತೈದು.

"ಯಾವಾಗಿಂದವ್ವ?"
"ಯಾವುದು?"
"ಹಳದಿ."
"ಮೂರ ದಿನ ಆತ ನೋಡ ತಂಗಿ. ದೀಪದ ಸುತ್ತ
ಬಳಿ ತೊಡಿಸಿದಂಗ ಕಾಣತೈತಿ.
ಮತ್ತ, ನಿನ್ನ ಅರಿವಿ ಖರೇನ ಬಿಳೀವೇನ?"
"ರೊಟ್ಟಿ ತಿಂದಿ?"
"ಎಲ್ಲೀ ರೊಟ್ಟಿ. ವಾಸನಿಗೇ ಹೊಟ್ಟಿ ತೊಳಸತೈತಿ."
ಚಾರ್ಟ್ ಹಿಂದಕ್ಕ ಹೊಳ್ಳಿಸಿದೆ:
ನಾಕ ದಿನದ ಹಿಂದ ನೀರಿಳಿಸೂ ಗುಳಿಗಿ ಎರಡ ಪಟ್ಟು.
ಕಾಲಿನ ಬಾವು ಇಳದೈತಿ, ಎಲ್ಲಾರೂ ಖುಷಿ.
ನೀರಿನ ಕೂಡ ಮತ್ತೇನೇನ ಇಳದು ಹೋತೋ
ರಕ್ತಾ ತಗದು ಯಾರೂ ನೋಡಿಲ್ಲ.

ಫೋನ್ ಮಾಡಿದೆ. ನಿದ್ದಿಗಣ್ಣಿನ ದನಿ:
"ಆರ್ಡರ್ ಬರದೈತಲ್ಲ ಸಿಸ್ಟರ್, ಕೊಡ್ರಿ."
ಉಮದಿಯ ಸಣ್ಣ ದವಾಖಾನಿಯಾಗ ಇದ್ದಾಗ
ಬರದೈತಿ ಅಂತ ಒಮ್ಮಿ ಕೊಟ್ಟೇನಿ.
ಅದನ್ನ ಇಲ್ಲಿ ಹೇಳಂಗಿಲ್ಲ.
ಅವನ ಮರಾಠಿಯಾಗ ಒಂದೊಂದ ಮುಂದಿಟ್ಟೆ:
ನಾಡಿ, ಊಟ, ನೀರು. ಕಡೀಕ
"ಪಿವಳಾ, ಸಾಹೇಬ. ಹಳದ ನವ್ಹೇ. ಪಿವಳಾ."
ಆ ಕಡೆ ಸಪ್ಪಳಿಲ್ಲ.
ಆಮ್ಯಾಲ ಅವನ ಕಾಟು ಕಿರ್ ಅಂದದ್ದು ಕೇಳಿಸಿತು.

ಚಾರ್ಟಿನಾಗ ಆರರ ಸುತ್ತ ಕೆಂಪು ಗೆರಿ ಎಳದೆ.
ಕೊಟ್ಟಿಲ್ಲ. ನಾಡಿ ೪೬, ೪೫. ಕಣ್ಣಿಗೆ ಹಳದಿ. ಡಾಕ್ಟರಿಗೆ ತಿಳಿಸೇನಿ.
ಕೆಳಗ ನನ್ನ ಹೆಸರು, ಪೂರಾ.
ಮುದುಕಿಯ ಮೊಮ್ಮಗಳು ಮಗ್ಗಲಕ ಬಂದು ನಿಂತ್ಲು:
"ಎಲ್ಲಾರಿಗೂ ಕೊಟ್ರಿ, ನಮ್ಮವ್ವಗ ಯಾಕಿಲ್ಲ?"
ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಹಿಡದ್ಲು.
ಆಕಿಗೆ ಹೆಂಗ ತಿಳಿಸಿ ಹೇಳಲಿ,
ಇವತ್ತ ನಾ ಮಾಡಿದ್ದು ಇದೊಂದ ಕೆಲಸ.
ನೋಟು ಮಡಚಿ ಆಕಿಯ ಕೈಯಾಗೇ ಇಟ್ಟೆ.

ಡಾಕ್ಟರು ಅಂಗಿ ಗುಂಡಿ ತಪ್ಪಿಸಿ ಹಾಕಿಕೊಂಡು ಬಂದ,
ಇಸಿಜಿ ಪಟ್ಟಿ ಕಿಟಕಿ ಬೆಳಕಿಗೆ ಹಿಡದು ಭಾಳ ಹೊತ್ತು ನಿಂತ.
ನನಗ ಏನೂ ಅನಲಿಲ್ಲ. ಮುದುಕಿಯ ಹತ್ರ ಕುಂತು
"ಹಳದಿ?" ಅಂತ ಕೇಳಿದ, ನಮ್ಮ ಹಳದಿ.

ರಕ್ತಾ ಸಾಂಗಲಿಗೆ ಹೋತು. ವರದಿ ಬರೂದು ಮಧ್ಯಾಹ್ನ.
ನನ್ನ ಡ್ಯೂಟಿ ಎಂಟಕ್ಕ ಮುಗೀತು.
ಪವಾರ ಸಿಸ್ಟರಗ ಮೊದಲ ಹನ್ನೊಂದನೇ ಕಾಟು ಹೇಳಿದೆ,
ಉಳದದ್ದು ಆಮ್ಯಾಲ.

ಸ್ಟ್ಯಾಂಡಿನ ಗೋಡಿ ಹಳದಿ ಆಗಿತ್ತು.
ಎದಿ ಧಸಕ್ಕಂತು.
ಬಿಸಲ ಅದು.
ಕೈ ಅಡ್ಡ ಹಿಡದು, ನೆರಳು ಬಿದ್ದದ್ದು ನೋಡಿ
ಆಮ್ಯಾಲ ಬಸ್ ಹತ್ತಿದೆ.