ಅಳತೆಯವಳು

ಎರಡು ಕಿತ್ತಳೆ ಶಂಕು, ನಡುವೆ ಇಪ್ಪತ್ತೈದು ಮೀಟರ್ ವರಾಂಡ.
ಕೊರಳಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ಪೆನ್ಸಿಲ್ಲು.
ಆಡಬಹುದಾದ ಮಾತೂ ಅಚ್ಚಾಗಿ ಬಂದಿದೆ:
ಒಂದನೇ ನಿಮಿಷಕ್ಕೆ ‘ಚೆನ್ನಾಗಿ ನಡೀತಿದ್ದೀಯ’,
ಎರಡಕ್ಕೆ ‘ಹಾಗೇ ಮುಂದುವರಿಸು’.
‘ಭಲೇ’ ಅನ್ನುವಂತಿಲ್ಲ. ‘ಸಾಕು, ಕೂತ್ಕೋ ಕಂದ’ ಅನ್ನುವಂತಿಲ್ಲ.
ನನ್ನ ಹುರುಪು ಮದ್ದಿನ ಲೆಕ್ಕಕ್ಕೆ ಸೇರಿಬಿಟ್ಟರೆ?

ಭದ್ರಾವತಿಯ ಗಗನ್, ಎಂಟು ವರ್ಷ.
ನಸುಕಿಗೇ ಶಿವಮೊಗ್ಗದ ಬಸ್ಸು ಹತ್ತಿದ್ದು ತಾಯಿ;
ಅವನು ಅವಳ ಸೊಂಟದ ಮೇಲಿದ್ದ.
ಮೀನಖಂಡ ಮುಟ್ಟಿದರೆ ಕಲ್ಲು.
ಗರಡಿಯ ಬರ್ಮಪ್ಪಜ್ಜ ಊರಿಗೆಲ್ಲ ತೋರಿಸಿದ್ದನಂತೆ,
‘ನೋಡ್ರೋ, ನನ್ನ ಮೊಮ್ಮಗನ ಕಾಲು!’
ಆ ದಪ್ಪವೇ ರೋಗ ಎಂದು ತಿಳಿದ ದಿನ
ಅಖಾಡದ ಕೆಂಪು ಮಣ್ಣಿಗೆ ಕೈಮುಗಿದು ಬಂದವನು
ಮತ್ತೆ ಅತ್ತ ಹೋಗಿಲ್ಲ.

ಮೊದಲು ನೆಲದಿಂದ ಏಳುವ ಪರೀಕ್ಷೆ.
ಅಂಗೈ ನೆಲಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ,
ತನ್ನ ಮೈಯನ್ನೇ ತಾನು ಮರದ ಹಾಗೆ ಹತ್ತಿ
ತುದಿಯಲ್ಲಿ ನಿಂತು ನಗುತ್ತಾನೆ.
ಹನ್ನೊಂದು ಸೆಕೆಂಡು. ಕಳೆದ ಸಲ ಒಂಬತ್ತು.

‘ಮೇಡಂ,’ ಖಾಲಿ ಬಾಟಲಿ ಕೊಡುತ್ತ ಹಾಲಮ್ಮ ದನಿ ತಗ್ಗಿಸುತ್ತಾಳೆ,
‘ಚಮಚಕ್ಕೆ ಇರುವೆ ಮುತ್ತಿದ್ವು.
ನಾನೂ ನೆಕ್ಕಿ ನೋಡ್ದೆ. ಸಿಹಿ, ಹಿಂದೆ ಒಂಚೂರು ಕಹಿ.
ಔಷಧಿಯೋ, ಬರೀ ಸಕ್ಕರೆ ನೀರೋ?’
ನನಗೂ ಗೊತ್ತಿಲ್ಲ ಹಾಲಮ್ಮ. ಡಾಕ್ಟರಿಗೂ ಗೊತ್ತಿಲ್ಲ.
ಯಾವುದೋ ಊರಿನ ಯಂತ್ರ ಚೀಟಿ ಎತ್ತಿದೆ;
ಎರಡಕ್ಕೂ ಅದೇ ಬಣ್ಣ, ಅದೇ ಸಿಹಿ, ಅದೇ ಕಹಿ.
‘ಕಹಿ ಇದ್ಯಲ್ಲ, ಔಷಧೀನೇ ಇರ್ಬೇಕು’ ಅನ್ನುತ್ತಾಳೆ.
ಅವಳ ತಮ್ಮನಿಗೂ ಹೀಗೇ ಇತ್ತು. ಹದಿನೇಳು ದಾಟಲಿಲ್ಲ.
ಆಗ ಯಾರೂ ಗಡಿಯಾರ ಹಿಡಿದಿರಲಿಲ್ಲ.

ಶುರು.
ಹೊಟ್ಟೆ ಮುಂದೆ ಮಾಡಿ, ತುದಿಗಾಲಲ್ಲಿ ತೂಗುತ್ತ ಹೊರಟ.
ಶಾಲೆಯಲ್ಲಿ ಬಾತುಕೋಳಿ ಅಂತಾರೆ.
‘ಅಲ್ಲ, ಸಕ್ರೆಬೈಲಿನ ಆನೆ’ ಎಂದು ತಾನೇ ತಿದ್ದುತ್ತಾನೆ,
ನೀರಿಗಿಳಿಯುವಾಗ ಅದೂ ಹೀಗೇ ಅಂತೆ.
ನಾಲ್ಕನೇ ನಿಮಿಷಕ್ಕೆ ಗೋಡೆಗೆ ಒರಗಿದ.
ಗಡಿಯಾರ ನಿಲ್ಲಿಸುವಂತಿಲ್ಲ.
ಬೆವರಿದ ಮುಖ ನನ್ನ ಕಡೆ ತಿರುಗಿಸಿ ಕೇಳಿದ:
‘ನಂದು ನೀರಾಗಿದ್ರೆ, ಔಷಧಿ ಯಾರಿಗೆ ಹೋಗ್ತಿದೆ?’
‘ಇನ್ನೊಬ್ಬ ಹುಡುಗನಿಗೆ.’ ಇದು ಅಚ್ಚಾದ ಮಾತಲ್ಲ.
‘ಅವನೂ ಹಿಂಗೇ ನಡೀಬೇಕಾ?’
‘ಹೂಂ.’
ಸ್ವಲ್ಪ ಹೊತ್ತು ಉಸಿರೆಳೆದುಕೊಂಡ,
ಗೋಡೆ ಬಿಟ್ಟ.

ಇನ್ನೂರ ತೊಂಬತ್ತೆರಡು ಮೀಟರ್.
ಷರಾದಲ್ಲಿ ಬರೆದೆ: ಒಂದು ಸಲ ನಿಂತ, ಮಾತಾಡಿದ.
ಬೆಂಚಿನ ಹತ್ತಿರ ಹಾಲಮ್ಮ ಅವನ ಶೂ ಬಿಚ್ಚುತ್ತಿದ್ದಾಳೆ,
ಆನೆ ಮೀಯೋ ಹೊತ್ತು ಮೀರ್ತು,
ಮುಂದಿನ ಸಲ ಹೋಗಾಣ ಅನ್ನುತ್ತ.